ಕೋರ್ಟಿಗೆ ಹೊರಟ ಹುಡುಗನ ಪಕ್ಕ ಕೂರುವುದು ಹೇಗೆ: ಆಸ್ಟ್ರೇಲಿಯಾದಲ್ಲಿ ಯೂತ್ ವರ್ಕರ್ ಆಗುವ ಕನ್ನಡಿಗರಿಗೆ

ಇಲ್ಲಿಗೆ ಬಂದು ಸೋಷಿಯಲ್ ವರ್ಕ್ ಓದಿ, ಯೂತ್ ಜಸ್ಟಿಸ್ (ಕೇಸಿನಲ್ಲಿ ಸಿಕ್ಕಿಬಿದ್ದ ಮಕ್ಕಳನ್ನು ನೋಡಿಕೊಳ್ಳುವ ವಿಭಾಗ) ಕಡೆ ಕೆಲಸಕ್ಕೆ ಸೇರಿದವರು ನನಗೆ ಗೊತ್ತಿರುವ ಕನ್ನಡಿಗರಲ್ಲೇ ನಾಲ್ಕೈದು ಜನ ಇದ್ದಾರೆ. ಎಲ್ಲರದ್ದೂ ಒಂದೇ ಕಥೆ. ಮೊದಲ ವಾರವೇ ಕೈಗೆ ಒಂದು ಫೈಲ್ ಬರುತ್ತದೆ: ಹದಿನಾಲ್ಕು ವರ್ಷದ ಅಬೊರಿಜಿನಲ್, ಅಂದರೆ ಈ ನೆಲದ ಮೂಲನಿವಾಸಿ ಹುಡುಗ, ಬೇಲ್ ಮೇಲೆ ಹೊರಗಿದ್ದಾನೆ, ನಾಳೆ ಕೋರ್ಟಿಗೆ ಕರೆದುಕೊಂಡು ಹೋಗಬೇಕು. 'ಕಲ್ಚರಲ್ ಸೇಫ್ಟಿ' (ಎದುರಿನವರ ಸಂಸ್ಕೃತಿಗೆ ಅವಮಾನವಾಗದ ಹಾಗೆ ಕೆಲಸ ಮಾಡುವುದು) ಅಂತ ಟ್ರೈನಿಂಗ್‌ನಲ್ಲಿ ಒಂದು ರಾಶಿ ಸ್ಲೈಡ್ ನೋಡಿರುತ್ತೀರಿ. ಹುಡುಗ ಬಂದು ಕಾರಲ್ಲಿ ಕೂತ ಮೇಲೆ ಒಂದೂ ನೆನಪಿಗೆ ಬರುವುದಿಲ್ಲ.

ಕಲ್ಚರಲ್ ಸೇಫ್ಟಿ ಅನ್ನುವ ಮಾತು ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ, ಇರಿಹಪೆಟಿ ರಾಮ್ಸ್‌ಡೆನ್ ಅನ್ನುವ ಮಾವೊರಿ (ಅಲ್ಲಿನ ಮೂಲನಿವಾಸಿ) ನರ್ಸ್ ಮತ್ತು ಅವರ ಜೊತೆಯವರ ಕೆಲಸದಿಂದ. ಅದರ ತಿರುಳು ನಮಗೆ ಕಷ್ಟವೇನಲ್ಲ: ಊಟ ಹೇಗಿತ್ತು ಅಂತ ಉಂಡವರು ಹೇಳಬೇಕು. ಬಡಿಸಿದವರು ತಮ್ಮ ಕೈಗೆ ತಾವೇ ಶಹಬ್ಬಾಸ್ ಹೇಳಿಕೊಂಡರೆ ನಡೆಯುವುದಿಲ್ಲ.

ಹುಡುಗನನ್ನು ನೋಡುವ ಮೊದಲು ಸ್ವಲ್ಪ ಚರಿತ್ರೆ ಓದಿಕೊಳ್ಳಿ. 1997ರಲ್ಲಿ ಬಂದ 'ಬ್ರಿಂಗಿಂಗ್ ದೆಮ್ ಹೋಮ್' ವರದಿಯನ್ನಾದರೂ ತಿರುವಿ ಹಾಕಿ. ದಶಕಗಳ ಕಾಲ ಸರ್ಕಾರವೂ ಕ್ರೈಸ್ತ ಮಿಷನ್‌ಗಳೂ ಮೂಲನಿವಾಸಿ ಮಕ್ಕಳನ್ನು ಅಮ್ಮಂದಿರಿಂದ ಕಿತ್ತುಕೊಂಡು ಹೋದವು. ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ಕಸ್ಟಡಿಯಲ್ಲಿ ಸತ್ತ 99 ಮೂಲನಿವಾಸಿಗಳ ಸಾವಿನ ಬಗ್ಗೆ ತನಿಖೆ ಮಾಡಿದ ರಾಯಲ್ ಕಮಿಷನ್ 1991ರಲ್ಲೇ 339 ಶಿಫಾರಸು ಕೊಟ್ಟಿತ್ತು. ಇವತ್ತಿಗೂ 10ರಿಂದ 17 ವಯಸ್ಸಿನ ಮಕ್ಕಳಲ್ಲಿ ಈ ನೆಲದ ಮೂಲನಿವಾಸಿ ಮಕ್ಕಳು ನೂರಕ್ಕೆ ಆರರಷ್ಟು. ಬಂಧನದಲ್ಲಿರುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ. ಇದು ತಲೆಯಲ್ಲಿದ್ದರೆ 'ವೆಲ್‌ಫೇರ್' (ಮಕ್ಕಳ ಕಲ್ಯಾಣ ಇಲಾಖೆ) ಅನ್ನುವ ಮಾತು ಕೇಳಿದ ಕೂಡಲೇ ಹುಡುಗನ ಮನೆಯ ಅಜ್ಜಿ ಯಾಕೆ ಬಾಗಿಲು ಹಾಕಿಕೊಳ್ಳುತ್ತಾರೆ ಅಂತ ನೀವು ಕೇಳುವುದಿಲ್ಲ.

ಇಂಥ ಒಂದು ಮನೆಗೆ ನಾನು ಮೊದಲ ಸಲ ಹೋದಾಗ ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಕ್ಲಿಪ್‌ಬೋರ್ಡು. ಅಜ್ಜಿ ಜಾಲರಿ ಬಾಗಿಲ ಹಿಂದಿನಿಂದಲೇ ಎರಡು ಮಾತಾಡಿ ಕಳಿಸಿದರು. ಮುಂದಿನ ವಾರ ನಮ್ಮ ತಂಡದ ಹಿರಿಯ ಅಬೊರಿಜಿನಲ್ ಸಹೋದ್ಯೋಗಿ ಜೊತೆಗೆ ಬಂದರು. ಕಾರಿಂದ ಇಳಿಯುವ ಮುಂಚೆ ನನ್ನ ಕಾರ್ಡನ್ನು ಜೇಬಿಗೆ ಹಾಕಿಸಿದರು. ಮೆಟ್ಟಿಲ ಮೇಲೆ ಕೂತು, ನಿಮ್ಮವರು ಯಾವ ಕಡೆಯವರು, ಅವರ ಚಿಕ್ಕಮ್ಮ ನನಗೆ ಗೊತ್ತು ಅಂತ ಅರ್ಧ ಗಂಟೆ ಮಾತಾಡಿದರು. ಕೇಸಿನ ಸುದ್ದಿಯೇ ಇಲ್ಲ. ಆಮೇಲೆ ಟೀ ಬಂತು. ನಮ್ಮ ಹಳ್ಳಿಯಲ್ಲೂ ಹೀಗೇ ಅಲ್ವಾ? ಯಾವೂರು, ಯಾರ ಮನೆಯವನು ಅಂತ ಗೊತ್ತಾಗದೆ ಯಾರೂ ಮಾತು ಮುಂದುವರಿಸುವುದಿಲ್ಲ.

ನಿಮ್ಮನ್ನೂ ಕೇಳುತ್ತಾರೆ. ಆಗ ನಿಮ್ಮ ಏರಿಯಾದ ಹೆಸರು ಹೇಳಬೇಡಿ, ಊರಿನದು ಹೇಳಿ. ನಾನು ತಿಪಟೂರು, ತೆಂಗಿನ ತೋಟ, ಅಜ್ಜಿ, ಎಲ್ಲಾ ಹೇಳಿದೆ. ಆದರೆ ಒಂದು ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ: "ನಮ್ಮನ್ನೂ ಬ್ರಿಟಿಷರು ಆಳಿದರು, ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ." ನಮ್ಮಲ್ಲಿಂದ ಅವರು 1947ರಲ್ಲಿ ಹೊರಟರು. ಇಲ್ಲಿಂದ ಹೋಗಲೇ ಇಲ್ಲ. ನಾವು ಬಂದಿರುವುದೂ ಅದೇ ಸರ್ಕಾರದ ವೀಸಾ ಮೇಲೆ. ಇನ್ನು ಮೈಬಣ್ಣದ ವಿಷಯ. "ನೋಡಿದರೆ ಹಾಗೆ ಕಾಣಲ್ಲ", "ಎಷ್ಟು ಭಾಗ ಅಬೊರಿಜಿನಲ್?" ಅಂತ ಯಾವತ್ತೂ ಕೇಳಬೇಡಿ. ನಮ್ಮವರಿಗೆ ಬಣ್ಣದ ಚಪಲ ಜಾಸ್ತಿ, ಅದಕ್ಕೇ ಹೇಳಿದೆ.

ಈಗ ಕಾರು. ನಿಜವಾದ ಕೆಲಸ ನಡೆಯುವುದು ಇಲ್ಲೇ. ಇಬ್ಬರೂ ರಸ್ತೆ ನೋಡುತ್ತಾ ಕೂತಿರುತ್ತೀರಿ, ಕಣ್ಣಲ್ಲಿ ಕಣ್ಣಿಡುವ ಒತ್ತಾಯ ಇಲ್ಲ. ಹಿರಿಯರ ಕಣ್ಣು ನೋಡದಿರುವುದು ಎಷ್ಟೋ ಮನೆಗಳಲ್ಲಿ ಮರ್ಯಾದೆ. ಅವನು ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಪಾಟೀಸವಾಲು ಬೇಡ, ಹಾಡು ಅವನೇ ಹಾಕಲಿ. ಕೇಸಿನಲ್ಲಿ ಏನಾಯಿತು ಅಂತ ಮಾತ್ರ ಕೆದಕಬೇಡಿ. ಅದನ್ನು ಕೇಳಬೇಕಾದವರು ವಕೀಲರು, ಮತ್ತು ನಿಮ್ಮ ನೋಟ್ಸನ್ನು ಒಂದು ದಿನ ಕೋರ್ಟು ತರಿಸಿಕೊಳ್ಳಬಹುದು.

"ಬೇಲ್ ಷರತ್ತು ಅರ್ಥ ಆಯ್ತಾ?" ಅಂದರೆ "ಹೂಂ" ಅನ್ನುತ್ತಾನೆ. ಆ ಹೂಂ ನಂಬಬೇಡಿ. ಅಧಿಕಾರದಲ್ಲಿರುವವರು ಏನು ಕೇಳಿದರೂ ಹೂಂ ಅಂದು ಪಾರಾಗುವುದು ಠಾಣೆಯಲ್ಲೂ ಕೋರ್ಟಿನಲ್ಲೂ ಕಲಿತ ಪಾಠ. ಅದರ ಬದಲು "ನಿನ್ನ ತಮ್ಮ ಕೇಳಿದರೆ, ರಾತ್ರಿ ಎಷ್ಟು ಗಂಟೆಗೆ ಮನೆಯಲ್ಲಿರಬೇಕು ಅಂತೀಯ?" ಅಂತ ಕೇಳಿ. ಉತ್ತರ ಬರದಿದ್ದರೆ ಇಬ್ಬರೂ ಕೂತು ಅವನ ಫೋನಿನಲ್ಲಿ ಅಲಾರಂ ಇಡಿ. ಪರ್ತ್‌ನ ಬ್ಯಾಂಕ್ಸಿಯಾ ಹಿಲ್ ಬಂಧನಾಲಯದಲ್ಲಿ 99 ಮಕ್ಕಳನ್ನು ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ 89 ಮಕ್ಕಳಿಗೆ ಮಿದುಳಿನ ಯಾವುದಾದರೂ ಒಂದು ಕೆಲಸದಲ್ಲಿ ತೀವ್ರ ತೊಂದರೆ ಇತ್ತು. ಕಿವಿ ಸೋರಿ ಸೋರಿ ಕೇಳಿಸದೇ ಹೋದ ಮಕ್ಕಳೂ ಇದ್ದಾರೆ. ಹೊರಗಿನವರ ಕಣ್ಣಿಗೆ ಅದು 'ಹಠ'.

'ಶೇಮ್' ಅನ್ನುವ ಮಾತು ಅವರ ಬಾಯಲ್ಲಿ ಕೇಳುತ್ತೀರಿ. ನಾಲ್ಕು ಜನರ ಮುಂದೆ ಮರ್ಯಾದೆ ಹೋಗುವುದು ಅಂತೀವಲ್ಲ, ಹೆಚ್ಚುಕಡಿಮೆ ಅದು. ಎಲ್ಲರ ಎದುರು ಬೈಯಬೇಡಿ, ಜೋರಾಗಿ ಹೊಗಳಲೂ ಬೇಡಿ. ಎರಡೂ ಅವನಿಗೆ ಶೇಮ್.

ಜಾಸ್ತಿ ಎಡವಟ್ಟಾಗುವುದು ಸಾವಿನ ಮನೆಯಲ್ಲಿ. 'ಸಾರಿ ಬಿಸಿನೆಸ್' ಅಂದರೆ ಸಾವು, ದುಃಖ, ಅದರ ಸುತ್ತಲಿನ ಕರ್ತವ್ಯ ಎಲ್ಲಾ ಸೇರಿ. ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ನಡೆಯುತ್ತದೆ. ಹುಡುಗನಿಗೆ ರಾತ್ರಿ ಕರ್ಫ್ಯೂ ಇರುತ್ತದೆ, ದೊಡ್ಡಪ್ಪ ತೀರಿಕೊಂಡಿದ್ದು ನಾನೂರು ಕಿಲೋಮೀಟರ್ ಆಚೆ. ಅವನು ಹೋಗೇ ಹೋಗುತ್ತಾನೆ. ಹೋದರೆ ಬೇಲ್ ಮುರಿದ ಹಾಗೆ. ಸುದ್ದಿ ತಿಳಿದ ದಿನವೇ ಅವನ ವಕೀಲರಿಗೆ ಫೋನ್ ಮಾಡಿ, ಷರತ್ತು ಬದಲಿಸಲು ಕೋರ್ಟನ್ನು ಕೇಳಲಿ. ವಿಕ್ಟೋರಿಯಾ ರಾಜ್ಯದ ಬೇಲ್ ಕಾನೂನಿನ 3ಎ ಕಲಂ ಪ್ರಕಾರ, ಅಬೊರಿಜಿನಲ್ ಆಗಿರುವುದರಿಂದ ಬರುವ ವಿಷಯಗಳನ್ನು ಕೋರ್ಟು ಗಮನಿಸಲೇಬೇಕು. "ದೂರದ ಸಂಬಂಧ ತಾನೇ?" ಅಂತ ನೀವು ಲೆಕ್ಕ ಹಾಕಬೇಡಿ. ದೊಡ್ಡಪ್ಪನ ಮಗನನ್ನೂ ಅಣ್ಣ ಅನ್ನುವ ನಮಗೆ ಇದನ್ನು ಬೇರೆಯವರು ಹೇಳಿಕೊಡಬೇಕಾ? ಸತ್ತವರ ಹೆಸರು ಹೇಳಬಹುದೋ ಬೇಡವೋ ಅಂತ ಮನೆಯವರನ್ನೇ ಕೇಳಿ. ಎಷ್ಟೋ ಕಡೆ ಹೇಳುವುದಿಲ್ಲ.

ವಿಕ್ಟೋರಿಯಾದಲ್ಲಿ 2005ರಿಂದ ಮಕ್ಕಳ 'ಕೂರಿ' ಕೋರ್ಟು ಇದೆ (ಕೂರಿ ಅಂದರೆ ಆ ಕಡೆಯ ಅಬೊರಿಜಿನಲ್ ಜನ). ಅಲ್ಲಿ ಮ್ಯಾಜಿಸ್ಟ್ರೇಟರು, ಸಮುದಾಯದ ಹಿರಿಯರು, ಹುಡುಗ, ಮನೆಯವರು ಒಂದೇ ಮೇಜಿನ ಸುತ್ತ ಕೂರುತ್ತಾರೆ. ತಪ್ಪು ಒಪ್ಪಿಕೊಂಡವರಿಗೆ ಅಥವಾ ತಪ್ಪಿತಸ್ಥ ಅಂತ ತೀರ್ಮಾನವಾದವರಿಗೆ ಮಾತ್ರ ಈ ದಾರಿ, ಹಾಗಾಗಿ ಹೋಗಬೇಕೋ ಬೇಡವೋ ಅನ್ನುವುದು ವಕೀಲರ ಜೊತೆ ಕೂತು ಅವನು ಮಾಡುವ ತೀರ್ಮಾನ. ಶಿಕ್ಷೆ ಏನು ಅಂತ ಮ್ಯಾಜಿಸ್ಟ್ರೇಟರೇ ಹೇಳಿದರೂ, ಹುಡುಗ ತಲೆ ತಗ್ಗಿಸುವುದು ಹಿರಿಯರ ಮಾತಿಗೆ. ಸಮುದಾಯದವರೆಲ್ಲ 'ಆಂಟಿ', 'ಅಂಕಲ್' ಅನ್ನುವ ಹಿರಿಯರನ್ನು ನಾನೂ ಹಾಗೆ ಕರೆಯಲಾ ಅಂತ ಮೊದಲು ಕೇಳಿ. ಅಲ್ಲಿ ನಿಮ್ಮ ಕೆಲಸ ಬಾಯಿ ಮುಚ್ಚಿಕೊಂಡು ಕೂರುವುದು. ಕೇಳಿದರೆ ಮಾತ್ರ ಎರಡು ಮಾತು.

ಕೊನೆಗೆ ನೋಟ್ಸ್. "ಸಹಕರಿಸಲಿಲ್ಲ" ಅಂತ ಒಂದು ಪದ ಗೀಚಿದರೆ ಅದು ಅವನ ಫೈಲಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ, ಮುಂದೆ ಓದುವವರೆಲ್ಲ ಅದನ್ನೇ ನಂಬುತ್ತಾರೆ. ಕಂಡದ್ದನ್ನು ಬರೆಯಿರಿ. ನಾನು ಒಂದು ದಿನ ಬರೆದದ್ದು ಇಷ್ಟು: "ಇಪ್ಪತ್ತು ನಿಮಿಷ ಮಾತಾಡಲಿಲ್ಲ. ಚಿಪ್ಸ್ ತಿಂದ, ನನಗೂ ಕೊಟ್ಟ. ಇಳಿಯುವಾಗ, ಮುಂದಿನ ವಾರವೂ ನೀನೇ ಬರ್ತೀಯಾ ಅಂತ ಕೇಳಿದ."

ಹಾಗೆ ಕೇಳಿದರೆ, ಹೂಂ ಅನ್ನುವ ಮುಂಚೆ ಡ್ಯೂಟಿ ರೋಸ್ಟರ್ ನೋಡಿಕೊಳ್ಳಿ.