ಮಿಣುಕು ದೀಪ ಮಿಣುಕದಿದ್ದರೆ ಹೀಗೆ ಹುಡುಕಿ

ವಿಜ್ಞಾನ ಪ್ರದರ್ಶನದ ದಿನಗಳು ಹತ್ತಿರವಾದಂತೆ ಮುಂಬಯಿ ಕಡೆಯ ಭಾಂಡುಪ್, ಡೊಂಬಿವಲಿಯ ನಮ್ಮ ಮನೆಗಳ ಮಕ್ಕಳು ಗ್ರಾಂಟ್ ರೋಡ್‌ನಲ್ಲಿ ಇಳಿದು, ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಿಂದ ಎರಡು ಟ್ರಾನ್ಸಿಸ್ಟರ್, ಎರಡು ಎಲ್‌ಇಡಿ, ನಾಲ್ಕು ರೆಸಿಸ್ಟರ್, ಎರಡು ಕೆಪಾಸಿಟರ್ ತರುತ್ತಾರೆ. ಒಂದು ದೀಪ ಆರಿದಾಗ ಇನ್ನೊಂದು ಹೊತ್ತಬೇಕು. ಹೊತ್ತದಿದ್ದರೆ ‘ಟ್ರಾನ್ಸಿಸ್ಟರ್ ಹೋಗಿದೆ’ ಎಂದು ಮತ್ತೆ ಲೋಕಲ್ ರೈಲು ಹತ್ತುವುದುಂಟು. ದಯವಿಟ್ಟು ಹತ್ತಬೇಡಿ. ಹೊಸ ಟ್ರಾನ್ಸಿಸ್ಟರ್ ಕೆಟ್ಟಿರುವುದು ಬಲು ಅಪರೂಪ, ಬ್ರೆಡ್‌ಬೋರ್ಡಿನ (ಬಿಡಿಭಾಗಗಳ ಕಾಲು ಚುಚ್ಚಿ ಜೋಡಿಸುವ ರಂಧ್ರಗಳ ಹಲಗೆಯ) ತಪ್ಪು ರಂಧ್ರಕ್ಕೆ ಹೋಗಿರುವುದೇ ಹೆಚ್ಚು. ಬಿಡಿಭಾಗ ಬದಲಿಸುವ ಮೊದಲು ದೀಪಗಳು ಏನು ಹೇಳುತ್ತಿವೆ ಎಂದು ನೋಡಿ, ಆಮೇಲೆ ಮಲ್ಟಿಮೀಟರ್ ಹಿಡಿದು ಅಳೆಯಿರಿ.

ಈ ಸರ್ಕ್ಯೂಟಿನ ಹೆಸರು ಮಲ್ಟಿವೈಬ್ರೇಟರ್. ಟ್ರಾನ್ಸಿಸ್ಟರ್ ಹುಟ್ಟುವುದಕ್ಕೂ ಮುನ್ನ, 1919ರಲ್ಲೇ ಫ್ರಾನ್ಸಿನ ಭೌತವಿಜ್ಞಾನಿಗಳಾದ ಅಬ್ರಹಾಂ ಮತ್ತು ಬ್ಲಾಕ್ ಇದನ್ನು ಆ ಕಾಲದ ನಿರ್ವಾತ ವಾಲ್ವುಗಳಿಂದ ಕಟ್ಟಿ ಪ್ರಕಟಿಸಿದ್ದರು. ಟ್ರಾನ್ಸಿಸ್ಟರಿಗೆ ಮೂರು ಕಾಲು: ಕಲೆಕ್ಟರ್, ಬೇಸ್, ಎಮಿಟರ್. ಒಂದು ಟ್ರಾನ್ಸಿಸ್ಟರ್ ಆನ್ ಆದಾಗ ಅದರ ಕಲೆಕ್ಟರ್ ವೋಲ್ಟೇಜ್ ಥಟ್ಟನೆ ಕುಸಿಯುತ್ತದೆ. ಆ ಕುಸಿತ ಕೆಪಾಸಿಟರ್ ಮೂಲಕ ಎದುರಿನ ಟ್ರಾನ್ಸಿಸ್ಟರಿನ ಬೇಸನ್ನು ಸೊನ್ನೆಗಿಂತ ಕೆಳಕ್ಕೆ ಎಳೆದು ಅದನ್ನು ಆಫ್ ಮಾಡುತ್ತದೆ. ಬೇಸ್ ರೆಸಿಸ್ಟರ್ ನಿಧಾನವಾಗಿ ಕೆಪಾಸಿಟರನ್ನು ಮತ್ತೆ ತುಂಬಿ ಬೇಸ್ 0.6 ವೋಲ್ಟ್ ದಾಟುವಂತೆ ಮಾಡಿದೊಡನೆ ಪಾತ್ರ ಅದಲುಬದಲು. ಮುಂದಿನ ಪರೀಕ್ಷೆಗಳೆಲ್ಲ ಇದರ ಮೇಲೇ ನಿಂತಿವೆ.

ಮೊದಲು ವಿದ್ಯುತ್. 9 ವೋಲ್ಟಿನ ಚೌಕ ಬ್ಯಾಟರಿಗಿಂತ ನಾಲ್ಕು ಪೆನ್ಸಿಲ್ ಸೆಲ್‌ಗಳ 6 ವೋಲ್ಟ್ ನನಗೆ ಹೆಚ್ಚು ಇಷ್ಟ. ನಾವು ಬಳಸುವ ಬಿಸಿ 547 ಟ್ರಾನ್ಸಿಸ್ಟರಿನ ಎಮಿಟರ್–ಬೇಸ್ ನಡುವೆ ಹಿಮ್ಮುಖವಾಗಿ 6 ವೋಲ್ಟ್‌ಗಿಂತ ಹೆಚ್ಚು ಬೀಳಬಾರದು. 9 ವೋಲ್ಟಿನಲ್ಲಿ ಆ ಗಡಿ ದಾಟಿ ಮಿಣುಕಿನ ಲೆಕ್ಕ ತಪ್ಪಬಹುದು. ವೋಲ್ಟೇಜನ್ನು ಸರ್ಕ್ಯೂಟ್ ಜೋಡಿಸಿರುವಾಗಲೇ ಅಳೆಯಿರಿ. ಹಳೆಯ ಬ್ಯಾಟರಿ ಬರಿದೇ ಇಟ್ಟಾಗ ಸರಿಯಾದ ಅಂಕಿ ತೋರಿಸಿ, ಭಾರ ಬಿದ್ದಾಗ ಕುಸಿಯುತ್ತದೆ. ಉದ್ದದ ಬ್ರೆಡ್‌ಬೋರ್ಡ್‌ಗಳಲ್ಲಿ ಅಂಚಿನ ಪ್ಲಸ್, ಮೈನಸ್ ಸಾಲು ಕೆಲವೊಮ್ಮೆ ನಡುವೆ ತುಂಡಾಗಿರುತ್ತದೆ, ಎರಡೂ ತುದಿಗಳಲ್ಲಿ ಅಳೆದು ನೋಡಿ. ಮುಂಬಯಿಯ ಉಪ್ಪುಗಾಳಿಗೆ ತಂತಿಯ ತುದಿ ಕಪ್ಪಾಗಿದ್ದರೆ ಬ್ಲೇಡಿನಿಂದ ಕೆರೆದು ಹೊಳಪು ಬರಿಸಿ.

ಎರಡನೆಯದು ಕಾಲುಗಳು. ಬಿಸಿ 547ರ ಚಪ್ಪಟೆ ಮುಖ ನಿಮ್ಮ ಕಡೆಗಿದ್ದು ಕಾಲು ಕೆಳಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅಂಗಡಿಯವರು ಬದಲಿಗೆ ಬೇರೆ ನಂಬರ್ ಕೊಟ್ಟಿದ್ದರೆ ಕಾಲುಗಳ ಕ್ರಮ ತಿರುವುಮುರುವು ಆಗಿರಬಹುದು, ಮೇಲಿನ ಅಕ್ಷರ ಓದಿ. ಕೆಪಾಸಿಟರಿನ ಪ್ಲಸ್ ಕಲೆಕ್ಟರಿಗೆ, ಮೈನಸ್ ಪಟ್ಟಿಯ ಕಾಲು ಎದುರು ಟ್ರಾನ್ಸಿಸ್ಟರಿನ ಬೇಸಿಗೆ. ರೆಸಿಸ್ಟರ್ ಬಣ್ಣಗಳನ್ನು ಹಗಲು ಬೆಳಕಿನಲ್ಲಿ ನೋಡಿ: ಹಳದಿ, ನೇರಳೆ, ಕಿತ್ತಳೆ ಎಂದರೆ 47 ಕಿಲೊಓಮ್, ಇದು ಬೇಸಿಗೆ. ಹಳದಿ, ನೇರಳೆ, ಕಂದು ಎಂದರೆ 470 ಓಮ್, ಇದು ಎಲ್‌ಇಡಿಗೆ. ಟ್ಯೂಬ್‌ಲೈಟಿನ ಕೆಳಗೆ ಕಿತ್ತಳೆ, ಕಂದು ಒಂದೇ ಥರ ಕಾಣುತ್ತವೆ. ಅನುಮಾನವಿದ್ದರೆ ಹೊರತೆಗೆದು ಮೀಟರಿನಲ್ಲಿ ಅಳೆಯಿರಿ.

ಇಷ್ಟಾದರೂ ಸರಿಹೋಗದಿದ್ದರೆ ದೀಪಗಳ ಕಡೆ ತಿರುಗಿ.

“ಮಾಮಾ, ಒಂದೇ ಉರೀತಾ ಇದೆ, ಇನ್ನೊಂದು ಸತ್ತೇ ಹೋಗಿದೆ” ಎಂದು ಮಕ್ಕಳು ಹೇಳುವುದೇ ಹೆಚ್ಚು. ಆಗ ಉರಿಯುತ್ತಿರುವ ಬದಿಯನ್ನು ಮುಟ್ಟಬೇಡಿ, ತಪ್ಪು ಸಾಮಾನ್ಯವಾಗಿ ಕತ್ತಲ ಬದಿಯಲ್ಲಿರುತ್ತದೆ. ಅಲ್ಲಿನ ಎಲ್‌ಇಡಿ ತಿರುಗುಮುರುಗಾಗಿದ್ದರೂ ಹೀಗೇ ಆಗುತ್ತದೆ, ಏಕೆಂದರೆ ಆ ದಾರಿಯಲ್ಲಿ ಕೆಪಾಸಿಟರ್ ತುಂಬದೆ ಎದುರು ಟ್ರಾನ್ಸಿಸ್ಟರ್ ಆಫ್ ಆಗುವುದೇ ಇಲ್ಲ. ಎಲ್‌ಇಡಿ ಸರಿಯಿದ್ದರೆ ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕಪ್ಪು ತಂತಿಯನ್ನು ಮೈನಸ್ಸಿಗೆ ಇಟ್ಟು, ಕೆಂಪನ್ನು ಕತ್ತಲ ಬದಿಯ ಬೇಸಿಗೆ ತಾಗಿಸಿ. ಸೊನ್ನೆ ಬಂದರೆ 47 ಕಿಲೊಓಮ್ ಬೇಸಿಗೆ ತಲುಪುತ್ತಿಲ್ಲ, ಇಲ್ಲವೇ ಬೇಸ್ ಎಲ್ಲೋ ಮೈನಸ್ಸಿಗೆ ತಾಗಿದೆ. 1 ವೋಲ್ಟಿಗಿಂತ ಮೇಲೆ ಬಂದರೆ ಎಮಿಟರ್ ಮೈನಸ್ಸಿಗೆ ಸೇರಿಲ್ಲ, ಅಥವಾ ನಿಜಕ್ಕೂ ಟ್ರಾನ್ಸಿಸ್ಟರ್ ಒಳಗೆ ಕಡಿದಿದೆ. 0.6–0.7 ಬಂದೂ ದೀಪ ಕತ್ತಲಾಗಿದ್ದರೆ ಕಲೆಕ್ಟರ್ ಅಳೆಯಿರಿ. ಅಲ್ಲಿ ಸೊನ್ನೆಯ ಹತ್ತಿರವಿದ್ದರೆ ಎಲ್‌ಇಡಿ ಅಥವಾ 470 ಓಮ್ ದಾರಿ ಕಡಿದಿದೆ. 4 ವೋಲ್ಟಿನ ಆಸುಪಾಸು ಇದ್ದರೆ ಟ್ರಾನ್ಸಿಸ್ಟರನ್ನು ತಿರುಗಿಸಿ ಹಾಕಿರಬೇಕು.

ಎರಡೂ ಪೂರ್ತಿ ಉರಿಯುತ್ತ ನಿಂತಿದ್ದರೆ ಒಂದು ಚಿಕ್ಕ ತಂತಿಯಿಂದ ಯಾವುದಾದರೂ ಒಂದು ಬೇಸನ್ನು ಮೈನಸ್ಸಿಗೆ ಕ್ಷಣಕಾಲ ತಾಗಿಸಿ ಬಿಡಿ. ಪ್ಲಸ್ಸಿಗೆ ಖಂಡಿತ ತಾಗಿಸಬೇಡಿ, ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ. ಬಿಟ್ಟ ಮೇಲೆ ಮಿಣುಕತೊಡಗಿದರೆ ಜೋಡಣೆ ಸರಿಯಿದೆ, ಶುರುವಾಗುವಾಗ ಮಾತ್ರ ಎರಡೂ ಒಟ್ಟಿಗೆ ಆನ್ ಆಗಿ ಸಿಕ್ಕಿಕೊಂಡಿದ್ದವು. ಬಿಟ್ಟೊಡನೆ ಮತ್ತೆ ಎರಡೂ ಉರಿದು ನಿಂತರೆ ಕೆಪಾಸಿಟರುಗಳು ಪಕ್ಕದ ಸಾಲಿಗೆ ಹೋಗಿವೆ.

ಎರಡೂ ಅರೆಬೆಳಕಿನಲ್ಲಿ ನಿಂತಂತೆ ಕಂಡರೆ ಅವು ನಿಂತಿಲ್ಲ, ಕಣ್ಣಿಗೆ ಸಿಗದಷ್ಟು ವೇಗವಾಗಿ ಮಿಣುಕುತ್ತಿವೆ. ಕೋಣೆಯ ದೀಪ ಆರಿಸಿ ಬೋರ್ಡನ್ನು ಕೈಯಲ್ಲಿ ಬೀಸಿದರೆ ಬೆಳಕಿನ ಗೆರೆ ತುಂಡುತುಂಡಾಗಿ ಕಾಣುತ್ತದೆ. 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಬದಲು 0.1ರದು ಬಂದಿದೆ, ಇಲ್ಲವೇ 47 ಕಿಲೊಓಮ್ ಜಾಗದಲ್ಲಿ 470 ಓಮ್ ಕೂತಿದೆ. ಎರಡೂ ತಪ್ಪಿಗೆ ವೇಗ ನೂರು ಪಟ್ಟು ಏರುತ್ತದೆ.

ಲೆಕ್ಕ ಹೀಗೆ: ಒಂದು ಬದಿಯ ಸಮಯ ಸುಮಾರು 0.69 ಗುಣಿಸು ರೆಸಿಸ್ಟರ್ ಗುಣಿಸು ಕೆಪಾಸಿಟರ್. 47 ಕಿಲೊಓಮ್, 10 ಮೈಕ್ರೊಫ್ಯಾರಡ್ ಇದ್ದರೆ 0.32 ಸೆಕೆಂಡ್, ಪೂರ್ತಿ ಸುತ್ತಿಗೆ 0.65. ಎಲ್‌ಇಡಿ ತನ್ನ ಪಾಲಿನ ವೋಲ್ಟೇಜ್ ಹಿಡಿದುಕೊಳ್ಳುವುದರಿಂದ ನಿಜದಲ್ಲಿ ಸ್ವಲ್ಪ ಬೇಗವೇ ಮಿಣುಕುತ್ತದೆ. ಈ ಕೆಪಾಸಿಟರುಗಳ ಮೈಕ್ರೊಫ್ಯಾರಡ್ ಅಳತೆಯಲ್ಲೂ ಶೇಕಡಾ 20ರ ಏರುಪೇರು ಸಹಜ, ಹಾಗಾಗಿ ಎರಡು ಬದಿ ತುಸು ಹೆಚ್ಚುಕಡಿಮೆಯಾದರೆ ತಲೆ ಕೆಡಿಸಿಕೊಳ್ಳಬೇಡಿ.

ನಿಧಾನ ಬೇಕೆಂದರೆ ರೆಸಿಸ್ಟರನ್ನು ಮನಬಂದಂತೆ ಏರಿಸಬಾರದು. ಬೇಸಿಗೆ ಹೋಗುವ ಕರೆಂಟ್ ಇಳಿದು ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗದೆ ದೀಪ ಮಂಕಾಗುತ್ತದೆ. ಕೆಪಾಸಿಟರ್ ದೊಡ್ಡದು ಮಾಡುವುದೇ ಸರಿ. ಪ್ರದರ್ಶನಕ್ಕೆ ಹೋಗುವಾಗ 100 ಮೈಕ್ರೊಫ್ಯಾರಡ್‌ನ ಎರಡು ಕೆಪಾಸಿಟರ್ ಜೇಬಿನಲ್ಲಿರಲಿ. ಪರೀಕ್ಷಕರು ವೇಗ ಬದಲಿಸಿ ತೋರಿಸು ಎಂದರೆ ಸೆಲ್ ಬಿಚ್ಚಿ, 10ರ ಜಾಗದಲ್ಲಿ ಅವನ್ನು ಕೂರಿಸಿ. ಪ್ರತಿ ದೀಪವೂ ಸುಮಾರು ಮೂರು ಸೆಕೆಂಡ್ ಉರಿಯುತ್ತದೆ.