ಕಲ್ಲಿದ್ದಲು ಸ್ಥಾವರ ಕೆಡವುವಾಗ ಚರಂಡಿಯನ್ನು ಕೊನೆಗೆ ಬಿಚ್ಚಿ

ಸ್ಥಾವರ ಕೆಡವುವ ಗುತ್ತಿಗೆಯಲ್ಲಿ ಎಲ್ಲರ ಕಣ್ಣೂ ಮೊದಲು ಬೀಳುವುದು ತಾಮ್ರದ ಮೇಲೆ. ಹೊರರಾಜ್ಯದ ಒಂದು ಹಳೆಯ ಉಷ್ಣ ವಿದ್ಯುತ್ ಸ್ಥಾವರದಲ್ಲಿ ನಾನು ಸಿವಿಲ್ ಎಂಜಿನಿಯರನಾಗಿದ್ದಾಗ, ಮೊದಲ ತಿಂಗಳಲ್ಲೇ ಕೇಬಲ್ಲು, ಮೋಟಾರುಗಳು ಲಾರಿ ಏರಿದವು. ಕಲ್ಲಿದ್ದಲು ಅಂಗಳದ ಮಳೆನೀರು ಬಂದು ಸೇರುವ ಸಂಪಿನಲ್ಲಿದ್ದ ಎರಡು ಪಂಪುಗಳೂ ಅವುಗಳ ಜೊತೆ ಹೋದವು. ನಾನು ತಡೆಯಲಿಲ್ಲ. ಜುಲೈನಲ್ಲಿ ಒಂದೇ ರಾತ್ರಿ ಸುರಿದ ಮಳೆಗೆ ಕಪ್ಪು ನೀರು ಕಾಂಪೌಂಡು ದಾಟಿ ಭತ್ತದ ಸಸಿಮಡಿಗೆ ನುಗ್ಗಿತು. ಬೆಳಿಗ್ಗೆ ರೈತರೊಬ್ಬರು ಆ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟರು. ಮಾತೇನೂ ಆಡಲಿಲ್ಲ.

ನಾನು ಬೆಳೆದದ್ದು ಶಕ್ತಿನಗರದಲ್ಲಿ. ರಾಯಚೂರು ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಪಕ್ಕದಲ್ಲೇ ಕೃಷ್ಣೆ ಹರಿಯುತ್ತಾಳೆ. ಇಂದಲ್ಲ ನಾಳೆ ನಮ್ಮ ರಾಜ್ಯದಲ್ಲೂ ಈ ಕೆಲಸಕ್ಕೆ ಇಳಿಯುವ ಕಿರಿಯ ಎಂಜಿನಿಯರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಆರಂಭವಾಗುವ ಮೊದಲೇ ನೀರಿನ ನಕ್ಷೆ ಮಾಡಿ. ಕಚೇರಿಯಲ್ಲಿ ಸಿಗುವ ಹಳೆಯ ನಕ್ಷೆಯನ್ನು ನಂಬಬೇಡಿ. ಮೂವತ್ತು ವರ್ಷಗಳಲ್ಲಿ ಯಾರೋ ಎಲ್ಲೋ ಒಂದು ಕೊಳವೆ ಜೋಡಿಸಿರುತ್ತಾರೆ. ಪ್ರತಿ ಮ್ಯಾನ್‌ಹೋಲಿನಲ್ಲೂ ಬಣ್ಣದ ನೀರು ಸುರಿದು ಅದು ಎಲ್ಲಿ ಹೊರಬರುತ್ತದೆ ಎಂದು ನೋಡಿ. ಟರ್ಬೈನ್ ಹಾಲಿನ ನೆಲದ ಎಣ್ಣೆ ನೀರು ನೇರವಾಗಿ ಮಳೆನೀರಿನ ಚರಂಡಿಗೆ ಸೇರುವುದನ್ನು ನಾನೇ ಎರಡು ಕಡೆ ಕಂಡಿದ್ದೇನೆ. ಅಂಥ ಜೋಡಣೆಗಳನ್ನು ಕಾಂಕ್ರೀಟಿನಿಂದ ಮುಚ್ಚಿದ ಮೇಲೆಯೇ ಗ್ಯಾಸ್ ಕಟರ್ ಒಳಗೆ ಬರಲಿ. ಸಂಪಿನ ಪಂಪು, ಅವುಗಳ ವಿದ್ಯುತ್ ಸಂಪರ್ಕ, ಡೀಸೆಲ್ ಜನರೇಟರ್, ತ್ಯಾಜ್ಯನೀರಿನ ಘಟಕ, ಇವುಗಳಿಗೆ ಕೆಂಪು ಬಣ್ಣ ಬಳಿದು, ‘ಕೊನೆಗೆ ಬಿಚ್ಚುವುದು’ ಎಂದು ಗುತ್ತಿಗೆಯ ಪತ್ರದಲ್ಲೇ ಬರೆಸಿ.

ಇನ್ನು ಲೆಕ್ಕ. ಒಂದು ಹೆಕ್ಟೇರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ 10 ಘನ ಮೀಟರ್ ನೀರು. 12 ಹೆಕ್ಟೇರಿನ ಅಂಗಳಕ್ಕೆ 60 ಮಿ.ಮೀ. ಮಳೆಯಾಗಿ, ಅದರಲ್ಲಿ ನೂರಕ್ಕೆ 70 ಪಾಲು ಹರಿದುಬಂದರೆ ಸುಮಾರು 5,000 ಘನ ಮೀಟರ್, ಅಂದರೆ 10,000 ಲೀಟರಿನ 500 ಟ್ಯಾಂಕರು! ಅಂಗಳದ ನೀರು ನಿಂತು ಹೂಳು ತಂಗುವ ಹೊಂಡ ಇಷ್ಟನ್ನು ಹಿಡಿಯಬೇಕು. ಹಿಡಿಯಲಾರದೆಂದಾದರೆ, ಹೊಂಡವನ್ನು ಹಿಗ್ಗಿಸುವುದಕ್ಕಿಂತ ಮೊದಲು ಬರುವ ನೀರನ್ನೇ ತಗ್ಗಿಸಿ. ಎತ್ತರದ ಕಡೆಯಿಂದ ಬರುವ ಶುದ್ಧ ಮಳೆನೀರು ಕಲ್ಲಿದ್ದಲನ್ನೋ ಬೂದಿಯನ್ನೋ ಮುಟ್ಟದಂತೆ ಸುತ್ತುಗಾಲುವೆ ತೋಡಿ ಹೊರಗೇ ಸಾಗಿಸಿ. ನನ್ನ ಅನುಭವದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಪ್ರಯೋಜನ ಕೊಡುವ ಕೆಲಸ ಬೇರೊಂದಿಲ್ಲ.

ಕಲ್ಲಿದ್ದಲು ಅಂಗಳವನ್ನು ಮಳೆಗಾಲಕ್ಕೆ ಮೊದಲೇ ಕೆರೆದು ತೆಗೆಯಿರಿ. ರಾಶಿ ಖಾಲಿಯಾದರೂ ಪುಡಿ ಮಣ್ಣಿನೊಳಗೆ ಇಳಿದಿರುತ್ತದೆ. ಮಣ್ಣಿನ ಬಣ್ಣ ತಿರುಗುವವರೆಗೂ ಅಗೆಯಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಗಂಧಕ ಸಾಮಾನ್ಯವಾಗಿ ಕಡಿಮೆ, ಹಾಗಾಗಿ ಆಮ್ಲಕ್ಕಿಂತ ಕಪ್ಪು ಹೂಳಿನ ಕಾಟವೇ ಹೆಚ್ಚು. ಆದರೂ ಪಿಎಚ್ ಅಳೆಯುವುದನ್ನು ಬಿಡಬೇಡಿ. ಒಡೆದ ಕಾಂಕ್ರೀಟಿನ ರಾಶಿ ಇದಕ್ಕೆ ತದ್ವಿರುದ್ಧ: ಅದರ ಮೇಲೆ ಹರಿದ ಮಳೆನೀರು ಸುಣ್ಣದ ನೀರಿನಂತೆ ಕ್ಷಾರವಾಗಿ, ಪಿಎಚ್ 11 ದಾಟಬಲ್ಲದು. ನೋಡಲು ತಿಳಿಯಾಗಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಈ ರಾಶಿಯನ್ನು ಚರಂಡಿಯಿಂದ ದೂರವಿಟ್ಟು ತಾಡಪಾಲು ಹೊದಿಸಿ. ಎಣ್ಣೆ ಸೋರಿದರೆ ಹೊರಹೋಗದಂತೆ ಟ್ರಾನ್ಸ್‌ಫಾರ್ಮರ್ ಸುತ್ತ ಕಟ್ಟಿದ ಕಟ್ಟೆಯ ವಾಲ್ವು ಸದಾ ಮುಚ್ಚಿರಲಿ. ಒಳಗೆ ನಿಂತ ನೀರಿನಲ್ಲಿ ಎಣ್ಣೆಯಿಲ್ಲವೆಂದು ಪರೀಕ್ಷಿಸಿದ ಮೇಲೆಯೇ ತೆರೆಯಬೇಕು. ಹಾರುಬೂದಿ ಬಂದು ತುಂಬುವ ತಗಡಿನ ತೊಟ್ಟಿಗಳನ್ನು, ಅಂದರೆ ಹಾಪರುಗಳನ್ನು, ಒಣಗಿರುವಾಗಲೇ ಖಾಲಿ ಮಾಡಿ. ಅರ್ಧ ಬೂದಿ ಒಳಗಿರುವಾಗ ಮೇಲಿನ ತಗಡು ಕತ್ತರಿಸಿದರೆ ಮೊದಲ ಮಳೆಗೇ ಅದು ಕೆಸರಾಗಿ ಚರಂಡಿಗೆ ಇಳಿಯುತ್ತದೆ.

ನನ್ನ ನಿದ್ದೆ ಕೆಡಿಸುವುದು ಸ್ಥಾವರದ ಬೂದಿಯನ್ನು ನೀರಿನೊಂದಿಗೆ ತಂದು ತುಂಬಿಸುವ ಬೂದಿ ಹೊಂಡ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಡ್ಯಾನ್ ನದಿಯ ದಡದ ಸ್ಥಾವರ 2012ರಲ್ಲಿ ಮುಚ್ಚಿತ್ತು. 2014ರ ಫೆಬ್ರುವರಿ 2ರಂದು ಅಲ್ಲಿನ ಬೂದಿ ಹೊಂಡದ ಅಡಿಯಲ್ಲಿ ಹಾದುಹೋಗಿದ್ದ ಮಳೆನೀರಿನ ಕೊಳವೆ, 48 ಇಂಚು ವ್ಯಾಸದ್ದು, ಕುಸಿಯಿತು. ಸುಮಾರು 39,000 ಟನ್ ಬೂದಿ ನದಿ ಸೇರಿತು. ಆ ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ನೋಡಬೇಕೆಂದು ಅಲ್ಲಿನ ಸಿಬ್ಬಂದಿ ಮೊದಲೇ ಕೇಳಿದ್ದರು, ಹಣ ಸಿಕ್ಕಿರಲಿಲ್ಲ. ಏರಿ ಒಡೆದದ್ದಲ್ಲ, ಮಳೆನೀರಿನ ಒಂದು ಕೊಳವೆ! ಆದ್ದರಿಂದ ಹೊಂಡದ ಅಡಿಯಲ್ಲಾಗಲಿ ಏರಿಯ ಒಳಗಾಗಲಿ ಹಾದುಹೋಗುವ ಪ್ರತಿಯೊಂದು ಕೊಳವೆಯನ್ನೂ ಪತ್ತೆಹಚ್ಚಿ, ಕ್ಯಾಮೆರಾ ಇಳಿಸಿ. ಬೇಡವಾದದ್ದನ್ನು ಬಾಯಿಗಷ್ಟೇ ಮುಚ್ಚಳ ಹಾಕಿ ಬಿಡದೆ, ಉದ್ದಕ್ಕೂ ಸಿಮೆಂಟ್ ಗಾರೆ ತುಂಬಿ ಮುಚ್ಚಿ.

ಕೆರೆಯ ಏರಿಯನ್ನು ಬಲ್ಲವರಿಗೆ ಉಳಿದದ್ದು ಸುಲಭವಾಗಿ ಅರ್ಥವಾದೀತು. ಕೋಡಿಯ ಬಾಯಲ್ಲಿ ಗಿಡಗಂಟಿ ಇರಬಾರದು, ಏರಿಯ ಬುಡದಲ್ಲಿ ಹೊಸ ಜಿನುಗು ಕಂಡರೆ ಅಂದೇ ನೋಡಬೇಕು. ಜಿನುಗಿನ ನೀರು ಬೂದಿಬಣ್ಣಕ್ಕೆ ತಿರುಗಿದರೆ ಕೆಳಗಿನ ಊರಿಗೆ ತಕ್ಷಣ ತಿಳಿಸಬೇಕು. ಒಂದು ವ್ಯತ್ಯಾಸವಿದೆ: ಬೂದಿಗೆ ಜೇಡಿಮಣ್ಣಿನ ಅಂಟಿಲ್ಲ. ಹರಿಯುವ ನೀರು ಅದನ್ನು ಸಕ್ಕರೆಯಂತೆ ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೇ ಮೇಲೆ ನೀರು ನಿಲ್ಲದಂತೆ ಇಳಿಜಾರು ಕೊಟ್ಟು, ಮಣ್ಣು ಹೊದಿಸಿ, ಹುಲ್ಲು ಹಿಡಿಸುವ ಕೆಲಸವನ್ನು ಮುಂದೂಡಬೇಡಿ.

ಹೊಂಡದಿಂದ ಹೊರಬಿಡುವ ನೀರಿಗೆ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡವಿದೆ: ಪಿಎಚ್ 5.5ರಿಂದ 9, ತೇಲುಕಣ ಲೀಟರಿಗೆ 100 ಮಿಲಿಗ್ರಾಂ, ಎಣ್ಣೆ ಮತ್ತು ಜಿಡ್ಡು 10 ಮಿಲಿಗ್ರಾಂ ಮೀರಬಾರದು. ನಿಮ್ಮ ಸ್ಥಾವರದ ಅನುಮತಿ ಪತ್ರದಲ್ಲಿ ಇದಕ್ಕಿಂತ ಬಿಗಿಯಾದ ಮಿತಿ ಇದ್ದರೆ ಅದೇ ಅಂತಿಮ. ಬೂದಿಯ ನೀರಾದರೆ ಆರ್ಸೆನಿಕ್, ಸೆಲೆನಿಯಂ, ಬೋರಾನ್ ಪರೀಕ್ಷೆಯನ್ನೂ ಮಾಡಿಸಿ. ಮಾದರಿ ತೆಗೆಯುವಾಗ ನಾನು ಕೆಳಗಿನ ಊರಿನವರನ್ನೂ ಕರೆಯುತ್ತೇನೆ, ಒಂದು ಬಾಟಲಿ ಅವರ ಕೈಗೂ ಕೊಡುತ್ತೇನೆ.

ಮಳೆ ಸುರಿಯುತ್ತಿರುವಾಗಲೇ ರೇನ್‌ಕೋಟ್ ಹಾಕಿಕೊಂಡು ಕಾಲುವೆಯ ಉದ್ದಕ್ಕೂ ನಡೆಯಿರಿ. ನೀರು ದಾರಿ ತಪ್ಪುವ ಜಾಗ ಬಿಸಿಲಿನಲ್ಲಿ ಕಾಣುವುದಿಲ್ಲ. ಅಂಗಳದ ನೀರಿನ ಹೊಂಡದಲ್ಲಿ ಮೂರನೇ ಒಂದು ಭಾಗ ಹೂಳು ತುಂಬಿದರೆ ತೆಗೆಸಿ.

ಕೆಂಪು ಬಣ್ಣದ ಪಂಪುಗಳನ್ನು ನಾನು ಬಿಚ್ಚಿಸುವುದು ಹುಲ್ಲು ಎರಡು ಮಳೆಗಾಲ ಕಂಡ ಮೇಲೆ, ಸಾಲಾಗಿ ಮೂರು ದೊಡ್ಡ ಮಳೆಗಳ ಮಾದರಿ ಮಿತಿಯೊಳಗೆ ಬಂದ ಮೇಲೆ. ಅಲ್ಲಿಯವರೆಗೂ ಗುಜರಿಯವರ ಲಾರಿ ಗೇಟಿನ ಹೊರಗೇ ನಿಲ್ಲಲಿ.