ಗಿನಿಪಿಗ್ ಸಾಕಿದ ಮನೆ ನಾರದಂತೆ ನೋಡಿಕೊಳ್ಳುವುದು

ನಮ್ಮ ಮನೆಯ ಹಾಲ್‌ನಲ್ಲಿ ಐದು ವರ್ಷದಿಂದ ಎರಡು ಗಿನಿಪಿಗ್‌ಗಳಿವೆ, ಗುಂಡ ಮತ್ತು ಸೀನ. ಎರಡೂ ಗಂಡು. ಮೊದಲ ವರ್ಷ ಬಾಗಿಲು ತೆಗೆದ ಕೂಡಲೇ ಬಂದವರ ಮೂಗಿಗೆ ಘಾಟು ಹೊಡೆಯುತ್ತಿತ್ತು. ನಮಗೆ ಗೊತ್ತೇ ಆಗುತ್ತಿರಲಿಲ್ಲ, ಮೂಗು ಅದಕ್ಕೆ ಒಗ್ಗಿಹೋಗಿತ್ತು. ಅತ್ತೆ ಹದಿನೈದು ದಿನ ಮಗಳ ಮನೆಯಲ್ಲಿದ್ದು ಬಂದವರು ಹೊಸಿಲಲ್ಲೇ ನಿಂತು, “ಏನೇ ಇದು, ಎಲ್ಲೋ ಒದ್ದೆ ಬಟ್ಟೆ ಕೊಳೀತಾ ಇದೆಯಲ್ಲೇ” ಅಂದರು. ಪ್ರಾಣಿ ನಾರುತ್ತಿದೆ ಅನ್ನಲಿಲ್ಲ, ಒದ್ದೆ ಬಟ್ಟೆ ಅಂದರು. ಅವರ ಮಾತು ಸರಿಯಾಗಿತ್ತು. ಅಲ್ಲಿಂದಲೇ ನಾನು ಹುಡುಕಲು ಶುರು ಮಾಡಿದ್ದು.

ಆರೋಗ್ಯವಾಗಿರುವ ಗಿನಿಪಿಗ್ಗನ್ನು ಎತ್ತಿಕೊಂಡು ಅದರ ಬೆನ್ನಿಗೆ ಮೂಗಿಟ್ಟು ನೋಡಿ. ಒಣಹುಲ್ಲಿನ ವಾಸನೆ ಬಂದೀತು, ಅಷ್ಟೇ. ಹಿಕ್ಕೆಯೂ ಗಟ್ಟಿಯಾಗಿ ಒಣಗಿರುತ್ತದೆ, ಹೆಚ್ಚು ನಾರುವುದಿಲ್ಲ. ನಾತವೆಲ್ಲ ಉಚ್ಚೆಯದು, ಅದೂ ಆಗತಾನೆ ಹೊಯ್ದ ಉಚ್ಚೆಯದಲ್ಲ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಹುಟ್ಟುತ್ತದೆ, ಕಣ್ಣುಮೂಗು ಉರಿಸುವ ಘಾಟು ಅದೇ. ಅದು ಹುಟ್ಟಬೇಕಾದರೆ ತೇವ ಬೇಕು, ಬೆಚ್ಚಗಿರಬೇಕು, ಒಂದಷ್ಟು ಹೊತ್ತು ಹಿಡಿಯುತ್ತದೆ. ಆ ಹೊತ್ತು ಕೊಡದೆ ಒದ್ದೆಯನ್ನು ತೆಗೆದುಬಿಟ್ಟರೆ ಮುಕ್ಕಾಲು ಕೆಲಸ ಮುಗಿಯಿತು. ಇದು ಬಂದವರೆದುರು ಮಾನ ಉಳಿಸಿಕೊಳ್ಳುವ ಮಾತಷ್ಟೇ ಅಲ್ಲ. ಗಿನಿಪಿಗ್‌ನ ಶ್ವಾಸಕೋಶ ಬಹಳ ನಾಜೂಕು. ಅದರ ಮೂಗು ಹಾಸಿನಿಂದ ಎರಡು ಬೆರಳು ಮೇಲಿರುತ್ತದೆ. ನಿಂತ ನಿಮಗೆ ಘಾಟು ಗೊತ್ತಾಗುವ ಹೊತ್ತಿಗೆ ಹಾಸಿನ ಮೇಲೆ ಮಲಗಿರುವ ಅದು ಗಂಟೆಗಟ್ಟಲೆ ಅದನ್ನೇ ಉಸಿರಾಡಿರುತ್ತದೆ.

ಮೊದಲು ಒದ್ದೆ ಎಲ್ಲಿದೆ ಎಂದು ಪತ್ತೆ ಮಾಡಿ. ಹೊರಗೆ ಒಂದು ಸುತ್ತು ನಡೆದು ಬನ್ನಿ, ಮೂಗು ಮತ್ತೆ ಚುರುಕಾಗುತ್ತದೆ. ಬಂದವರು ನೇರ ಪಂಜರದ ಪಕ್ಕ ಮೊಣಕಾಲೂರಿ ಕೂತು, ಹಾಸಿನ ಮಟ್ಟಕ್ಕೆ ಬಗ್ಗಿ ಮೂಸಿ. ಆಮೇಲೆ ಒಂದು ಬಿಳಿ ಟಿಶ್ಯೂ ಕಾಗದವನ್ನು ಮಡಿಸಿ ಅಂಗೈ ಕೆಳಗಿಟ್ಟುಕೊಂಡು ಹಾಸನ್ನು ಅಲ್ಲಲ್ಲಿ ಭಾರ ಹಾಕಿ ಒತ್ತುತ್ತಾ ಹೋಗಿ. ಕಣ್ಣಿಗೆ ಒಣಗಿದಂತೆ ಕಂಡ ಜಾಗದಲ್ಲೂ ಕಾಗದ ನೆನೆದು ಹಳದಿಯಾಗುತ್ತದೆ. ನಮ್ಮಲ್ಲಿ ಸಿಕ್ಕ ಜಾಗಗಳು ನಾಲ್ಕು: ಹುಲ್ಲು ತಿನ್ನುವ ಮೂಲೆ, ಅಡಗುವ ಗೂಡಿನ ಒಳಗೆ, ಹಾಸು ಮತ್ತು ಪ್ಲಾಸ್ಟಿಕ್ ಗೋಡೆ ಸೇರುವ ಅಂಚು, ಮತ್ತೆ ನೀರಿನ ಬಾಟಲಿಯ ಕೆಳಗೆ.

ಆ ಬಾಟಲಿ ನನ್ನನ್ನು ಒಂದು ತಿಂಗಳು ಸತಾಯಿಸಿತು. ದಿನವೂ ಹಾಸು ಬದಲಿಸಿದರೂ ಬೆಳಗಾಗುವಷ್ಟರಲ್ಲಿ ಮುಗ್ಗಲು ವಾಸನೆ. ಒಂದು ರಾತ್ರಿ ಟಾರ್ಚ್ ಹಿಡಿದು ಪಂಜರದ ಪಕ್ಕ ಕೂತೆ. ಯಾರೂ ಬಾಟಲಿ ಮುಟ್ಟದಿದ್ದರೂ ನಳಿಗೆಯ ತುದಿಯಲ್ಲಿ ಹನಿಯೊಂದು ನಿಧಾನವಾಗಿ ದುಂಡಗಾಗಿ, ತೂಗಿ, ಬೀಳುತ್ತಿತ್ತು. ನಳಿಗೆಯ ಬಾಯಲ್ಲಿರುವ ಪುಟ್ಟ ಲೋಹದ ಗುಂಡಿನ ಪಕ್ಕ ಒಂದೇ ಒಂದು ಹುಲ್ಲಿನ ಎಳೆ ಸಿಕ್ಕಿಕೊಂಡಿತ್ತು, ಗುಂಡು ಬಾಯಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಈಗ ದಿನವೂ ನಳಿಗೆ ತೊಳೆಯುತ್ತೇನೆ, ಬಾಟಲಿಯನ್ನು ಕಂಠಪೂರ್ತಿ ತುಂಬಿಸುತ್ತೇನೆ. ಅರ್ಧ ಖಾಲಿ ಬಾಟಲಿಯೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿದರೂ ನೀರು ತೊಟ್ಟಿಕ್ಕುತ್ತದೆ. ಕೆಳಗೆ ಒಂದು ಪುಟ್ಟ ತಟ್ಟೆಯನ್ನೂ ಇಟ್ಟಿದ್ದೇನೆ. ಉಚ್ಚೆ ಕಡಿಮೆಯಾಗಲಿ ಎಂದು ನೀರು ಕೊಡುವುದನ್ನು ಮಾತ್ರ ಯಾವತ್ತೂ ಕಡಿಮೆ ಮಾಡಬೇಡಿ. ಮೂತ್ರಕೋಶದಲ್ಲಿ ಕಲ್ಲಾಗುವ ಸ್ವಭಾವ ಈ ಪ್ರಾಣಿಗೆ ಮೊದಲೇ ಇದೆ.

ಗಿನಿಪಿಗ್‌ಗೆ ಬೆಕ್ಕಿನ ಹಾಗೆ ಒಂದೇ ಕಡೆ ಹೋಗುವ ಪಾಠ ಹೇಳಿಕೊಡುವುದು ಕಷ್ಟ. ಆದರೆ ಅದಕ್ಕೆ ತಿನ್ನುತ್ತಲೇ ಹಿಕ್ಕೆ ಹಾಕುವ, ಉಚ್ಚೆ ಹೊಯ್ಯುವ ಅಭ್ಯಾಸವಿದೆ. ಇದನ್ನೇ ನಮ್ಮ ಅನುಕೂಲಕ್ಕೆ ಬಳಸಿಕೊಳ್ಳಬೇಕು. ಪಂಜರದ ಒಂದು ಕೊನೆಯಲ್ಲಿ ಎರಡೂ ಒಟ್ಟಿಗೆ ಕೂರುವಷ್ಟು ಅಗಲದ, ಅಂಚು ಗಿಡ್ಡಗಿರುವ ಟ್ರೇ ಇಟ್ಟು, ಅದರ ತಳಕ್ಕೆ ಕಾಗದದ ಹಾಸು ಹರಡಿ, ಹುಲ್ಲನ್ನು ಅಲ್ಲೇ ರಾಶಿ ಹಾಕಿ. ಅವು ದಿನದ ಬಹುಪಾಲು ಅಲ್ಲೇ ಮೆಲ್ಲುತ್ತಾ ಕೂರುತ್ತವೆ. ಗಲೀಜಿನ ದೊಡ್ಡ ಪಾಲು ಆ ಟ್ರೇಗೆ ಬೀಳುತ್ತದೆ. ನೀವು ದಿನಕ್ಕೊಮ್ಮೆ ಟ್ರೇ ಸುರಿದು, ತೊಳೆದು, ಒರೆಸಿ ಇಟ್ಟರಾಯಿತು. ನಮ್ಮ ಮನೆಯ ವಾಸನೆ ಅರ್ಧಕ್ಕಿಳಿದದ್ದು ಈ ಒಂದು ಬದಲಾವಣೆಯಿಂದ.

ಹಾಸಿನ ವಿಷಯ. ನಾವು ಬಳಸುವುದು ಫ್ಲೀಸ್, ಅಂದರೆ ಮೆತ್ತನೆಯ ಕಂಬಳಿಯಂಥ ಸಿಂಥೆಟಿಕ್ ಬಟ್ಟೆ. ಮೇಲೆ ಫ್ಲೀಸ್, ಅದರಡಿ ನೀರು ಹೀರುವ ದಪ್ಪ ಟವೆಲ್ ಎರಡು ಪದರ. ಉಚ್ಚೆ ಫ್ಲೀಸನ್ನು ದಾಟಿ ಟವೆಲಿಗೆ ಇಳಿಯಬೇಕು, ಮೇಲ್ಮೈ ಒಣಗಿರಬೇಕು, ಅದರ ಗುಟ್ಟು ಇಷ್ಟೇ. ಹೊಸ ಫ್ಲೀಸಿನ ಮೇಲೆ ನೀರು ಹಾಕಿದರೆ ಮಣಿಯ ಹಾಗೆ ನಿಲ್ಲುತ್ತದೆ, ಇಳಿಯುವುದಿಲ್ಲ. ಮೂರು ನಾಲ್ಕು ಸಲ ಬಿಸಿನೀರಲ್ಲಿ ಒಗೆದ ಮೇಲೆ ಒಂದು ಚಮಚ ನೀರು ಹಾಕಿ ನೋಡಿ, ಸರಸರನೆ ಇಳಿದರೆ ಬಳಸಲು ಸಿದ್ಧ. ನಾನು ಮಾಡಿದ ತಪ್ಪೆಂದರೆ ಒಗೆಯುವಾಗ ಬಟ್ಟೆ ಮೆತ್ತಗಾಗಲೆಂದು ಸಾಫ್ಟ್‌ನರ್ ಹಾಕಿದ್ದು. ಅದು ನೂಲಿಗೆ ಜಿಡ್ಡಿನ ಪೊರೆ ಕಟ್ಟುತ್ತದೆ, ಉಚ್ಚೆ ಮೇಲೇ ನಿಲ್ಲುತ್ತದೆ. ಸೀನನ ಪಾದಗಳು ಎರಡು ದಿನ ತೇವದಲ್ಲೇ ಇದ್ದು ಕೆಂಪಗಾದಾಗ ನನಗೆ ಬಹಳ ಸಂಕಟವಾಯಿತು. ಆಮೇಲೆ ಸಾಫ್ಟ್‌ನರ್ ಮುಟ್ಟಿಲ್ಲ. ಹಾಸನ್ನು ಹೊರಗೆ ಕೊಡವಿ, ಗಟ್ಟಿ ಬ್ರಷ್ಷಿನಿಂದ ಕೂದಲು ತೆಗೆದು, ಜಿಪ್ ಇರುವ ಬಲೆಚೀಲಕ್ಕೆ ತುಂಬಿ, ಪರಿಮಳವಿಲ್ಲದ ಸೋಪಿನಲ್ಲಿ ಒಗೆಯುತ್ತೇನೆ. ಕೊನೆಯ ನೀರಿಗೆ ಒಂದು ಲೋಟ ಬಿಳಿ ವಿನೆಗರ್. ಪೂರ್ತಿ ಒಣಗಿದ ಮೇಲಷ್ಟೇ ಪಂಜರಕ್ಕೆ. ನಮ್ಮಲ್ಲಿ ಮೂರು ಜೊತೆ ಇವೆ, ಮೂರು ದಿನಕ್ಕೊಮ್ಮೆ ಬದಲು. ಗೂಡಿನ ಒಳಗಿನ ಪುಟ್ಟ ತುಂಡು ಬಟ್ಟೆ ಮಾತ್ರ ದಿನವೂ ಬದಲು.

ಒಗೆಯುವುದು ಬೇಡವೆನಿಸಿದರೆ ಕಾಗದದ ಹಾಸು ಒಳ್ಳೆಯದು, ಚೆನ್ನಾಗಿ ಹೀರುತ್ತದೆ. ಒದ್ದೆಯಾದದ್ದನ್ನು ದಿನವೂ ಬಾಚಿ ತೆಗೆದು, ವಾರಕ್ಕೊಮ್ಮೆ ಎಲ್ಲವನ್ನೂ ಬದಲಿಸಿ. ಸೀಡರ್ ಮರದ ಸಿಪ್ಪೆ ಬೇಡವೇ ಬೇಡ, ಅದರ ಘಮ ನಮಗೆ ಹಿತ, ಅವುಗಳ ಉಸಿರಿಗೆ ಕೆಡುಕು. ಮರದ ಹುಡಿಯೂ ಬೇಡ, ಧೂಳು ಮೂಗಿಗೆ ಹೋಗುತ್ತದೆ. ಪಂಜರ ಇಕ್ಕಟ್ಟಾಗಿದ್ದರೆ ಯಾವ ಹಾಸೂ ಸಾಲುವುದಿಲ್ಲ. ಎರಡಕ್ಕೆ 10 ಚದರ ಅಡಿಯಷ್ಟು ಜಾಗ ಕೊಡಿ, ಒದ್ದೆ ಒಂದೇ ಕಡೆ ಮಡುಗಟ್ಟುವುದಿಲ್ಲ.

ಪ್ಲಾಸ್ಟಿಕ್ ತಳದಲ್ಲಿ ಸುಣ್ಣದಂತೆ ಬಿಳಿಯ ಪದರ ಕಟ್ಟಿದ್ದರೆ ಗಾಬರಿ ಬೇಡ. ಗಿನಿಪಿಗ್ ಉಚ್ಚೆಯಲ್ಲಿ ಕ್ಯಾಲ್ಸಿಯಂ ಹೆಚ್ಚು, ಒಣಗಿದಾಗ ಹಾಗೆ ಕೂರುತ್ತದೆ. ಸೋಪಿಗೆ ಅದು ಜಗ್ಗುವುದಿಲ್ಲ, ಹುಳಿಗೆ ಕರಗುತ್ತದೆ. ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಅದರ ಮೇಲೆ ಸುರಿದು ಇಪ್ಪತ್ತು ನಿಮಿಷ ಬಿಡಿ. ಸಣ್ಣಗೆ ನೊರೆಯೆದ್ದು ಪದರ ಸಡಿಲವಾಗುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೊಳೆಯಿರಿ. ಆ ಪದರದಲ್ಲೇ ಹಳೆಯ ವಾಸನೆ ಅಂಟಿಕೊಂಡಿರುತ್ತದೆ. ಇನ್ನೂ ಚೆನ್ನಾಗಿ ಸ್ವಚ್ಛವಾಗಲಿ ಎಂದು ಇದಕ್ಕೆ ಬ್ಲೀಚ್ ಸೇರಿಸಬೇಡಿ. ಬ್ಲೀಚ್ ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ, ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಕ್ಲೋರಮಿನ್, ಎರಡೂ ವಿಷ. ಮರದ ಗೂಡು ಉಚ್ಚೆ ಕುಡಿದುಬಿಟ್ಟಿದ್ದರೆ ಎಷ್ಟು ತೊಳೆದರೂ ವ್ಯರ್ಥ, ತೆಗೆದು ಹಾಕಿ.

ರೂಮ್ ಫ್ರೆಶ್‌ನರ್, ಸುಗಂಧದ ಮೇಣದಬತ್ತಿ, ಪರಿಮಳದ ಎಣ್ಣೆ, ಇವೆಲ್ಲ ಪಂಜರವಿರುವ ಕೋಣೆಯಿಂದ ದೂರ. ಒದ್ದೆ ಹಾಗೇ ಉಳಿಯುತ್ತದೆ, ಅದರ ಮೇಲೆ ಇನ್ನೊಂದು ಘಾಟು ಸೇರುತ್ತದೆ. ಕಿಟಕಿ ತೆರೆದಿಡಿ, ಗಾಳಿ ನೇರ ಪಂಜರಕ್ಕೆ ಬಡಿಯದಂತೆ ನೋಡಿಕೊಳ್ಳಿ. ತಿನ್ನದೆ ಬಿಟ್ಟ ಸೊಪ್ಪು, ತರಕಾರಿಯನ್ನು ಎರಡು ಮೂರು ಗಂಟೆಯೊಳಗೆ ಎತ್ತಿಬಿಡಿ.

ಇಷ್ಟೆಲ್ಲ ಮಾಡಿದ ಮೇಲೂ ವಾಸನೆ ಬಂದರೆ ಪ್ರಾಣಿಯನ್ನು ನೋಡಬೇಕು. ಗಂಡುಗಳಿಗೆ ಬೆನ್ನಿನ ಕೊನೆಯಲ್ಲಿ, ಬಾಲ ಇರಬೇಕಾದ ಜಾಗದ ಮೇಲೆ, ಜಿಡ್ಡಿನ ಗ್ರಂಥಿಯಿದೆ. ಅಲ್ಲಿ ಕೂದಲು ಅಂಟಂಟಾಗಿದ್ದರೆ ಸ್ವಲ್ಪ ತೆಂಗಿನೆಣ್ಣೆ ಸವರಿ, ಐದು ನಿಮಿಷ ಬಿಟ್ಟು, ಪ್ರಾಣಿಗಳ ಶಾಂಪೂವಿನಲ್ಲಿ ಅಷ್ಟೇ ಜಾಗ ತೊಳೆದು ಒಣಗಿಸಿ. ಪದೇಪದೇ ಮೈಗೆಲ್ಲ ಸ್ನಾನ ಮಾಡಿಸಬೇಡಿ, ಚರ್ಮ ಒಣಗುತ್ತದೆ, ಥಂಡಿಯಾಗುತ್ತದೆ, ಹೆದರಿಕೆ ಬೇರೆ. ವಯಸ್ಸಾದ ಗಂಡುಗಳಲ್ಲಿ ಗುದದ ಸ್ನಾಯು ಸಡಿಲವಾಗಿ ಮೆತ್ತನೆಯ ಹಿಕ್ಕೆ ಅಲ್ಲೇ ಸಿಕ್ಕಿಕೊಂಡು ವಿಪರೀತ ಗಬ್ಬು ಬರುತ್ತದೆ. ಅದನ್ನು ತೆಗೆಯುವ ಕ್ರಮವನ್ನು ಮೊದಲ ಸಲ ಪಶುವೈದ್ಯರ ಕೈಯಲ್ಲೇ ನೋಡಿ ಕಲಿಯಿರಿ. ಹಿಂಭಾಗ ಒದ್ದೆಯಾಗಿದ್ದು ನೊಣ ಕೂರುತ್ತಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಿ, ಮೊಟ್ಟೆಯಿಟ್ಟರೆ ಹುಳುಗಳು ಚರ್ಮವನ್ನೇ ತಿನ್ನುತ್ತವೆ. ಭೇದಿ, ಉಚ್ಚೆಯಲ್ಲಿ ರಕ್ತ, ಹೊಯ್ಯುವಾಗ ಕೀರಲು ಕೂಗು, ಇವೂ ಕಾಯುವ ವಿಷಯಗಳಲ್ಲ.

ಕಳೆದ ವರ್ಷ ಪಂಜರ ತೊಳೆದ ಮರುದಿನವೇ ಹುಳಿಹುಳಿ ವಾಸನೆ. ಹಾಸು ಒತ್ತಿ ನೋಡಿದೆ, ಒಣಗಿತ್ತು. ಮಗಳು ಗುಂಡನನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದವಳು, “ಅಮ್ಮಾ, ಇವನ ಗದ್ದದ ಕೆಳಗೆ ಒದ್ದೆ” ಅಂದಳು. ಬಾಯಿಯಿಂದ ಜೊಲ್ಲು ಸುರಿದು ಕೂದಲು ಜಡೆಗಟ್ಟಿತ್ತು. ದವಡೆ ಹಲ್ಲು ಉದ್ದ ಬೆಳೆದು ನಾಲಿಗೆಗೆ ಒತ್ತುತ್ತಿತ್ತು, ವೈದ್ಯರು ಅದನ್ನು ಸರಿಮಾಡಿದ ಮೇಲೆ ಮತ್ತೆ ಹುಲ್ಲು ತಿನ್ನತೊಡಗಿದ. ಈಗ ಪ್ರತಿ ಭಾನುವಾರ ಎರಡನ್ನೂ ತೂಗುವಾಗ ಮಗಳು ಗದ್ದ, ಕಿವಿ, ಹಿಂಭಾಗ ಮೂರನ್ನೂ ಮೂಸಿ ಹೇಳುತ್ತಾಳೆ, ನಾನು ತೂಕದ ಪಕ್ಕ ಬರೆದಿಡುತ್ತೇನೆ.